ಎಲ್ಎಲ್ಆರ್ ಪರೀಕ್ಷೆ: ಪ್ರಶ್ನೆಯ ಹಿಂದೊಂದು ಚರಿತ್ರೆ

ಯಾವ ಊರಿನ ಆರ್‌ಟಿಓ ಕಚೇರಿಯ ಬಳಿ ಹೋದರೂ ಈ ನೋಟ ಸಾಮಾನ್ಯ. ಈಗಷ್ಟೇ ಹದಿನೆಂಟು ತುಂಬಿದ ಹುಡುಗರು, ಮಕ್ಕಳನ್ನು ಶಾಲೆಗೆ ಬಿಡಲು ಸ್ಕೂಟರ್ ಕಲಿಯಬೇಕೆಂದು ಹೊರಟ ತಾಯಂದಿರು, ಕಾರು ಓಡಿಸುವ ಕೆಲಸ ಸಿಕ್ಕರೆ ಸಾಕೆಂದು ಹಳ್ಳಿಯಿಂದ ಬಂದ ಯುವಕರು. ಕೆಲವರ ಕೈಯಲ್ಲಿ ಪ್ರಶ್ನೋತ್ತರದ ತೆಳ್ಳನೆಯ ಪುಸ್ತಕ. ಇನ್ನು ಕೆಲವರ ಮೊಬೈಲ್‌ನಲ್ಲಿ ಅದೇ ಪ್ರಶ್ನೆ, ಅದೇ ಉತ್ತರ. ಸ್ತೋತ್ರ ಹೇಳುವವರಂತೆ ತುಟಿಗಳು ಅಲುಗುತ್ತಿರುತ್ತವೆ: ವೃತ್ತವಾದರೆ ಆಜ್ಞೆ, ತ್ರಿಕೋನವಾದರೆ ಎಚ್ಚರಿಕೆ, ಆಯತವಾದರೆ ಮಾಹಿತಿ. ಮಧ್ಯೆ ಯಾರೋ ಅನುಭವಿ ಸಮಾಧಾನ ಹೇಳುತ್ತಾನೆ: ‘ಓದೋದೇನೂ ಬೇಡ, ಉತ್ತರ ನೆನಪಿಟ್ಕೊ, ಸಾಕು.’

ಜನರ ಬಾಯಲ್ಲಿ ಇದು ‘ಎಲ್ಎಲ್ಆರ್ ಟೆಸ್ಟ್’. ಕಾನೂನಿನ ಭಾಷೆಯಲ್ಲಿ ಕಲಿಕಾ ಲೈಸೆನ್ಸ್‌ಗೆ ಮುಂಚಿನ ಪ್ರಾಥಮಿಕ ಪರೀಕ್ಷೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮ ಇದರ ಪಠ್ಯಕ್ರಮವನ್ನು ನಾಲ್ಕೇ ಅಂಶಗಳಲ್ಲಿ ಮುಗಿಸುತ್ತದೆ. ಮೊದಲನೆಯದು ಸಂಚಾರ ಚಿಹ್ನೆ, ಸಿಗ್ನಲ್ ಹಾಗೂ ರಸ್ತೆ ನಿಯಮಗಳು. ಎರಡನೆಯದು ಅಪಘಾತವಾದಾಗ ಚಾಲಕನ ಕರ್ತವ್ಯ. ಮೂರನೆಯದು ಕಾವಲಿಲ್ಲದ ರೈಲ್ವೆ ಲೆವೆಲ್ ಕ್ರಾಸಿಂಗ್ ದಾಟುವಾಗ ವಹಿಸಬೇಕಾದ ಎಚ್ಚರ. ನಾಲ್ಕನೆಯದು ವಾಹನದಲ್ಲಿ ಇಟ್ಟುಕೊಳ್ಳಬೇಕಾದ ದಾಖಲೆಗಳು. ಕೇಳಿದ ಪ್ರಶ್ನೆಗಳಲ್ಲಿ ಶೇ 60ರಷ್ಟಕ್ಕೆ ಸರಿಯುತ್ತರ ಕೊಟ್ಟರೆ ಸಾಕಷ್ಟು ತಿಳಿವಳಿಕೆ ಇದೆ ಎಂದು ಅರ್ಥ.

ಮೇಲ್ನೋಟಕ್ಕೆ ಇದು ಒಂದು ಬೆಳಗಿನಲ್ಲಿ ಮುಗಿದುಹೋಗುವ ಶಾಸ್ತ್ರ. ಆದರೆ ಆ ತೆಳ್ಳನೆಯ ಪುಸ್ತಕದ ಒಂದೊಂದು ಪ್ರಶ್ನೆಯನ್ನೂ ಸ್ವಲ್ಪ ಕೆದಕಿದರೆ ಅದರ ಕೆಳಗೆ ಯಾವುದೋ ಕಾಲದ ಯಾವುದೋ ರಸ್ತೆ ಕಾಣಿಸುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಆ ರಸ್ತೆಯಲ್ಲಿ ಯಾರೋ ಪ್ರಾಣ ಕಳೆದುಕೊಂಡಿರುತ್ತಾರೆ.

ಪರೀಕ್ಷೆಯೇ ಇಲ್ಲದ ಕಾಲ

ಮೋಟಾರು ಓಡಿಸುವವರನ್ನು ಪರೀಕ್ಷಿಸಬೇಕೆಂಬ ಯೋಚನೆ ಮೊದಲು ಬಂದದ್ದು ಯುರೋಪಿನಲ್ಲಿ. 1893ರಲ್ಲಿ ಪ್ಯಾರಿಸ್ ನಗರದ ಪೊಲೀಸ್ ಆಡಳಿತ ಈ ಬಗ್ಗೆ ಆಜ್ಞೆ ಹೊರಡಿಸಿತು. ಆಗ ಬೀದಿಯಲ್ಲಿ ಓಡಾಡುತ್ತಿದ್ದ ಮೋಟಾರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆ ದಿನಗಳಲ್ಲಿ ಚಾಲಕನಿಂದ ನಿರೀಕ್ಷಿಸುತ್ತಿದ್ದುದು ರಸ್ತೆಯ ಜ್ಞಾನಕ್ಕಿಂತ ಹೆಚ್ಚಾಗಿ ಯಂತ್ರದ ಜ್ಞಾನ. ದಾರಿಯಲ್ಲಿ ಕೆಟ್ಟು ನಿಂತರೆ ರಿಪೇರಿ ಮಾಡಿಕೊಳ್ಳುವ ಕೈ ಇದೆಯೇ ಎಂಬುದೇ ದೊಡ್ಡ ಪ್ರಶ್ನೆ.

ಭಾರತದ ರಸ್ತೆ ಕಾನೂನಿಗೆ ಮೂಲವಾದ ಬ್ರಿಟನ್ನಿನಲ್ಲಿ ಮಾತ್ರ ಪರೀಕ್ಷೆ ಬರಲು ಬಹಳ ಕಾಲ ಹಿಡಿಯಿತು. ಅಲ್ಲಿ 1903ರ ಮೋಟಾರ್ ಕಾರ್ ಕಾಯ್ದೆಯಂತೆ 1904ರ ಜನವರಿ 1ರಿಂದ ಲೈಸೆನ್ಸ್ ಕಡ್ಡಾಯವಾಯಿತು. ಐದು ಶಿಲಿಂಗ್ ಕಟ್ಟಿದರಾಯಿತು, ಲೈಸೆನ್ಸ್ ಕೈಗೆ ಬರುತ್ತಿತ್ತು. ಸ್ಟೀರಿಂಗ್ ಹಿಡಿದು ಗೊತ್ತೇ ಎಂದು ಕೇಳುವವರಿರಲಿಲ್ಲ. ರಸ್ತೆಯ ಯಾವ ಬದಿಯಲ್ಲಿ ಹೋಗಬೇಕೆಂಬುದು ಗೊತ್ತೇ ಎಂದೂ ಕೇಳುತ್ತಿರಲಿಲ್ಲ. ಲೈಸೆನ್ಸ್ ಎಂಬುದು ಜ್ಞಾನದ ಪ್ರಮಾಣಪತ್ರವಾಗಿರಲಿಲ್ಲ, ತಪ್ಪು ಮಾಡಿದವನನ್ನು ಗುರುತಿಸಲು ಸರ್ಕಾರ ಇಟ್ಟುಕೊಂಡ ಹೆಸರುಪಟ್ಟಿಯಾಗಿತ್ತು.

ಬ್ರಿಟಿಷ್ ಭಾರತಕ್ಕೂ 1914ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. ವಾಹನ ಓಡಿಸಲು ಲೈಸೆನ್ಸ್ ಬೇಕೆಂದಾಯಿತು. ವಿವರಗಳನ್ನು ಆಯಾ ಪ್ರಾಂತ್ಯಗಳ ಸರ್ಕಾರಗಳಿಗೆ ಬಿಡಲಾಯಿತು. ಇಡೀ ದೇಶಕ್ಕೆ ಹೊಂದುವ ವಿಸ್ತಾರವಾದ ಕಾನೂನಿಗೆ ಇನ್ನೂ 25 ವರ್ಷ ಕಾಯಬೇಕಾಯಿತು.

ಒಂದು ಪೆನ್ನಿಯ ಪುಸ್ತಕ

1930ರಲ್ಲಿ ಬ್ರಿಟನ್ ಹೊಸ ರಸ್ತೆ ಸಂಚಾರ ಕಾಯ್ದೆ ತಂದಿತು. ಆ ಕಾಯ್ದೆ ಒಂದು ವಿಚಿತ್ರ ಕೆಲಸ ಮಾಡಿತು. ಕಾರುಗಳಿಗೆ ಅದುವರೆಗೆ ಇದ್ದ ಗಂಟೆಗೆ 20 ಮೈಲಿಯ ವೇಗಮಿತಿಯನ್ನು ತೆಗೆದುಹಾಕಿತು. ಅದೇ ಹೊತ್ತಿಗೆ, ರಸ್ತೆ ಬಳಸುವವರಿಗೆಲ್ಲ ತಿಳಿವಳಿಕೆ ನೀಡುವ ಪುಸ್ತಕವೊಂದನ್ನು ಸರ್ಕಾರವೇ ಪ್ರಕಟಿಸಬೇಕೆಂದೂ ಹೇಳಿತು. 1931ರ ಏಪ್ರಿಲ್ 14ರಂದು ಹೊರಬಂದ ಆ ಪುಸ್ತಕವೇ ‘ಹೈವೇ ಕೋಡ್’. ಬೆಲೆ ಒಂದು ಪೆನ್ನಿ.

ಇಂದು ಎಲ್ಎಲ್ಆರ್ ಪುಸ್ತಕ ಹಿಡಿದವರಿಗೆ ಆ ಪುಸ್ತಕದ ಕೆಲವು ಪುಟಗಳು ಪರಿಚಿತವೆನಿಸಬಹುದು. ಬಲಕ್ಕೆ ತಿರುಗುವಾಗ, ನಿಧಾನಿಸುವಾಗ, ಹಿಂದಿನವರಿಗೆ ಮುಂದೆ ಹೋಗಲು ಬಿಡುವಾಗ ಕೈ ಹೇಗಿರಬೇಕೆಂಬ ಸನ್ನೆಗಳು ಅಲ್ಲಿದ್ದವು. ಕುದುರೆಗಾಡಿಯವನು ಚಾವಟಿಯಿಂದ ಕೊಡಬೇಕಾದ ಸನ್ನೆಗಳೂ ಇದ್ದವು. ಚಾವಟಿ ಹೋಯಿತು, ಕೈಸನ್ನೆ ಉಳಿಯಿತು. ವಾಹನಗಳಿಗೆಲ್ಲ ಮಿಣುಕುವ ದೀಪ ಬಂದ ಮೇಲೂ ಕೈಸನ್ನೆಯ ಚಿತ್ರಗಳನ್ನು ನಮ್ಮ ಕಲಿಯುವವರು ಇಂದಿಗೂ ನೋಡಿಕೊಂಡು ಹೋಗುತ್ತಾರೆ. ದೀಪ ಕೆಟ್ಟ ದಿನ ಅದರ ಬೆಲೆ ತಿಳಿಯುತ್ತದೆ.

ಪುಸ್ತಕ ಅಚ್ಚಾಯಿತು. ಆದರೆ ಅದನ್ನು ಓದಿದ್ದಾರೆಯೇ ಎಂದು ನೋಡುವವರು ಯಾರು? 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು. ಆಗ ಅಲ್ಲಿದ್ದ ವಾಹನಗಳು ಸುಮಾರು 24 ಲಕ್ಷ ಮಾತ್ರ. ಆಗಿನ ಸಾರಿಗೆ ಸಚಿವ ಲೆಸ್ಲಿ ಹೋರ್-ಬೆಲಿಷಾ ಕಾಲದಲ್ಲಿ ಒಂದರ ಹಿಂದೊಂದು ಕ್ರಮಗಳು ಬಂದವು. ಪಾದಚಾರಿಗಳು ದಾಟುವ ಜಾಗದಲ್ಲಿ ಕಪ್ಪು ಬಿಳುಪು ಕಂಬದ ಮೇಲೆ ಕಿತ್ತಳೆ ಬಣ್ಣದ ಗೋಳ ಬಂತು. ಜನವಸತಿ ಇರುವೆಡೆ ಗಂಟೆಗೆ 30 ಮೈಲಿಯ ಮಿತಿ ಬಂತು. 1935ರ ಜೂನ್ 1ರಿಂದ ಚಾಲನಾ ಪರೀಕ್ಷೆ ಕಡ್ಡಾಯವಾಯಿತು. 1934ರ ಏಪ್ರಿಲ್ 1ಕ್ಕೆ ಮೊದಲೇ ಲೈಸೆನ್ಸ್ ಪಡೆದವರಿಗೆ ವಿನಾಯಿತಿ ಸಿಕ್ಕಿತು. ಹೀಗಾಗಿ ಒಂದೇ ಮನೆಯಲ್ಲಿ ಅಪ್ಪ ಪರೀಕ್ಷೆಯನ್ನೇ ಕೊಡದೆ ಕಾರು ಓಡಿಸುತ್ತಿದ್ದ, ಮಗ ಪರೀಕ್ಷೆಗೆ ಬೆವರುತ್ತಿದ್ದ.

1935ರಲ್ಲಿ ಸಾವಿನ ಸಂಖ್ಯೆ 6,502ಕ್ಕೆ ಇಳಿಯಿತು. ಇದೆಲ್ಲ ಪರೀಕ್ಷೆಯೊಂದರ ಫಲವೆನ್ನಲಾಗದು, ವೇಗಮಿತಿಯೂ ಅದೇ ವರ್ಷ ಬಂದಿತ್ತು. ಆದರೆ ಒಂದು ತತ್ವ ನೆಲೆಯೂರಿತು. ರಸ್ತೆಗೆ ಇಳಿಯುವ ಮುನ್ನ ರಸ್ತೆಯ ರೀತಿನೀತಿ ತನಗೆ ಗೊತ್ತಿದೆ ಎಂದು ತೋರಿಸುವ ಹೊಣೆ ಚಾಲಕನದು.

ಭಾರತಕ್ಕೆ ಬಂದ ‘ಎಲ್’

1939ರಲ್ಲಿ ಭಾರತಕ್ಕೆ ಹೊಸ ಮೋಟಾರು ವಾಹನ ಕಾಯ್ದೆ ಬಂದಾಗ ಚಾಲಕನ ಸಾಮರ್ಥ್ಯ ಪರೀಕ್ಷೆ, ಸಂಚಾರ ಚಿಹ್ನೆಗಳು, ಚಾಲನೆಯ ನಿಯಮಗಳು ಇವೆಲ್ಲ ಅದರ ಅನುಸೂಚಿಗಳಲ್ಲಿ ಸೇರಿಕೊಂಡವು. ಆ ಕಾಯ್ದೆ ಸ್ವಾತಂತ್ರ್ಯಾನಂತರವೂ ನಾಲ್ಕು ದಶಕ ಬಾಳಿತು. 1988ರ ಕಾಯ್ದೆ 1989ರ ಜುಲೈ 1ರಿಂದ ಅದರ ಜಾಗಕ್ಕೆ ಬಂತು. ಈಗ ಎಲ್ಎಲ್ಆರ್ ಪಡೆಯುವವರು ಪಾಲಿಸುವುದು ಈ ಕಾಯ್ದೆಯನ್ನೇ. ಕಲಿಕಾ ಲೈಸೆನ್ಸ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಅದು ಕೈಸೇರಿ 30 ದಿನ ಕಳೆಯದೆ ಪೂರ್ಣ ಲೈಸೆನ್ಸ್‌ಗೆ ಅರ್ಜಿ ಹಾಕುವಂತಿಲ್ಲ.

ಎಷ್ಟು ಹಳೆಯ ನಂಟು ಇದು ಎಂಬುದಕ್ಕೆ ‘ಎಲ್’ ಫಲಕವೇ ಸಾಕ್ಷಿ. ಭಾರತದ ನಿಯಮದಂತೆ ಬಿಳಿಯ ಹಿನ್ನೆಲೆ ಕನಿಷ್ಠ 18 ಸೆಂ.ಮೀ. ಚೌಕವಿರಬೇಕು. ಅದರ ಮೇಲಿನ ಕೆಂಪು ಅಕ್ಷರ ಕನಿಷ್ಠ 10 ಸೆಂ.ಮೀ. ಎತ್ತರ, ಬುಡದಲ್ಲಿ 9 ಸೆಂ.ಮೀ. ಅಗಲ ಇರಬೇಕು. ಇಷ್ಟೇ ಏಕೆ? ಬ್ರಿಟನ್ನಿನ ಫಲಕ 178 ಮಿ.ಮೀ. ಚೌಕ, ಅಕ್ಷರ 102 ಮಿ.ಮೀ. ಎತ್ತರ, 89 ಮಿ.ಮೀ. ಅಗಲ. ಅಂದರೆ ಏಳು ಇಂಚು, ನಾಲ್ಕು ಇಂಚು, ಮೂರೂವರೆ ಇಂಚು. ಅವರ ಇಂಚುಗಳೇ ನಮ್ಮಲ್ಲಿ ಸೆಂಟಿಮೀಟರುಗಳಾಗಿ ದುಂಡಗಾಗಿವೆ.

ಅಕ್ಷರವಿಲ್ಲದ ಭಾಷೆ

ಪರೀಕ್ಷೆಗೆ ಕೂತವರು ಹೆಚ್ಚು ಹೆದರುವುದು ಚಿಹ್ನೆಗಳಿಗೆ. ನೋಡಲು ಒಂದೇ ತೆರನಾಗಿ ಕಾಣುವ ಇಷ್ಟೊಂದು ಚಿತ್ರಗಳನ್ನು ಹೇಗೆ ನೆನಪಿಡುವುದು? ಮೂಲದಲ್ಲಿ ಇವು ಇದ್ದದ್ದು ನಾಲ್ಕೇ. 1909ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ದೇಶಗಳು ಮೋಟಾರು ಸಂಚಾರದ ಬಗ್ಗೆ ಒಪ್ಪಂದ ಮಾಡಿಕೊಂಡು ನಾಲ್ಕು ಚಿಹ್ನೆಗಳನ್ನು ಒಪ್ಪಿದವು. ರಸ್ತೆಯಲ್ಲಿ ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಕ್ರಾಸಿಂಗ್. ವೇಗದ ಮೋಟಾರಿಗೆ ಅಪಾಯಕಾರಿಯಾದ ನಾಲ್ಕು ಜಾಗಗಳು ಇವು. ಚಿತ್ರವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಯುರೋಪಿನಲ್ಲಿ ಒಂದು ದಿನದ ಪ್ರಯಾಣದಲ್ಲಿ ಎರಡು ಮೂರು ಭಾಷೆಗಳ ನಾಡನ್ನು ದಾಟಬೇಕಾಗುತ್ತಿತ್ತು. ಬರೆದು ಹಾಕಿದರೆ ಓದಲು ಬರುವುದಿಲ್ಲ, ಓದಲು ಬಂದರೂ ಸಮಯವಿರುವುದಿಲ್ಲ.

ಬೀದರದಿಂದ ಚಾಮರಾಜನಗರದವರೆಗೆ ಲಾರಿ ಓಡಿಸುವವನಿಗೂ ಇದೇ ತರ್ಕ ಅನ್ವಯಿಸುತ್ತದೆ. ಅಲ್ಲಿಂದ ಮುಂದೆ ತಮಿಳುನಾಡಿಗೆ ಹೋದರೆ ಊರಿನ ಹೆಸರು ಓದಲು ಬರದೇ ಇರಬಹುದು, ತಿರುವಿನ ಚಿಹ್ನೆ ಮಾತ್ರ ಅದೇ.

ಆಕಾರಗಳಿಗೂ ಅರ್ಥವಿದೆ. ‘ನಿಲ್ಲಿ’ ಎಂಬ ಫಲಕ ಎಂಟು ಮೂಲೆಯದು, ‘ದಾರಿ ಬಿಡಿ’ ಎಂಬುದು ತಲೆಕೆಳಗಾದ ತ್ರಿಕೋನ. ಇವೆರಡು ಆಕಾರ ಬೇರೆ ಯಾವ ಚಿಹ್ನೆಗೂ ಇಲ್ಲ. ಧೂಳು ಮೆತ್ತಿ ಬಣ್ಣ ಮಾಸಿದ್ದರೂ, ಹಿಂಬದಿಯಿಂದ ನೋಡಿದರೂ ಗುರುತು ಸಿಗಬೇಕು.

ಕೆಂಪು ಹಸಿರು ದೀಪದ ಮೂಲ ಇರುವುದು ರೈಲಿನಲ್ಲಿ. 1868ರ ಡಿಸೆಂಬರ್‌ನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಬಳಿ ರೈಲ್ವೆ ಸಿಗ್ನಲ್ ತಂತ್ರಜ್ಞ ಜೆ.ಪಿ. ನೈಟ್ ರೂಪಿಸಿದ ಕಂಬವೊಂದನ್ನು ನಿಲ್ಲಿಸಿದರು. ಹಗಲು ರೈಲಿನ ಕೈಮರದಂತೆ ತೋಳುಗಳು, ರಾತ್ರಿ ಕೆಂಪು ಹಸಿರು ಗ್ಯಾಸ್ ದೀಪ. ಒಂದು ತಿಂಗಳೊಳಗೆ ಗ್ಯಾಸ್ ಸೋರಿ ಅದು ಸಿಡಿದು, ನಡೆಸುತ್ತಿದ್ದ ಪೊಲೀಸನಿಗೆ ಗಾಯವಾಯಿತು. ಆಗಿನ್ನೂ ಮೋಟಾರು ಕಾರೇ ಹುಟ್ಟಿರಲಿಲ್ಲ. ಕುದುರೆಗಾಡಿಗಳ ನಡುವೆ ಸಿಕ್ಕಿಕೊಳ್ಳುತ್ತಿದ್ದ ಪಾದಚಾರಿಗಳನ್ನು ದಾಟಿಸಲು ಆ ಸಿಗ್ನಲ್ ಬೇಕಾಗಿತ್ತು ಎಂಬುದು ಗಮನಿಸಬೇಕಾದ ಮಾತು.

ಇಳಿದು ನೋಡಿ ದಾಟಿ

ಪುಸ್ತಕದಲ್ಲಿ ಕಲಿಯುವವರಿಗೆ ಅತಿ ಸೋಜಿಗವೆನಿಸುವ ಪ್ರಶ್ನೆ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ನದು. ಗೇಟೂ ಇಲ್ಲ, ಗೇಟಿನವನೂ ಇಲ್ಲ, ಚಾಲಕ ಏನು ಮಾಡಬೇಕು? ಹಾರ್ನ್ ಹೊಡೆದು ಬೇಗ ದಾಟಬೇಕು ಎಂಬ ಆಯ್ಕೆ ಹಲವರಿಗೆ ಸರಿಯೆನಿಸುತ್ತದೆ. ಆದರೆ 1988ರ ಕಾಯ್ದೆಯ 131ನೇ ಕಲಮು ಬೇರೆಯೇ ಹೇಳುತ್ತದೆ. ವಾಹನ ನಿಲ್ಲಿಸಬೇಕು. ಕಂಡಕ್ಟರ್, ಕ್ಲೀನರ್ ಅಥವಾ ವಾಹನದಲ್ಲಿರುವ ಇನ್ನೊಬ್ಬರು ಇಳಿದು ಹಳಿಯವರೆಗೆ ನಡೆದು ಹೋಗಿ, ಎರಡೂ ಕಡೆ ರೈಲಾಗಲಿ ಟ್ರಾಲಿಯಾಗಲಿ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ವಾಹನವನ್ನು ದಾಟಿಸಬೇಕು. ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು.

ವಾಹನದ ಮುಂದೆ ಮನುಷ್ಯ ನಡೆಯುವ ಈ ಕ್ರಮಕ್ಕೆ ಹಳೆಯ ಸೋದರನೊಬ್ಬನಿದ್ದಾನೆ. 1865ರ ಬ್ರಿಟಿಷ್ ಕಾನೂನಿನ ಪ್ರಕಾರ ರಸ್ತೆಯಲ್ಲಿ ಹೋಗುವ ಉಗಿಯಂತ್ರದ 60 ಗಜ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಆ ಕಾನೂನನ್ನು ಕಂಡು ಮುಂದಿನ ತಲೆಮಾರು ನಕ್ಕಿತು. ಆದರೆ ಹಳಿಯ ಬಳಿ ಇಳಿದು ನೋಡುವ ನಿಯಮ ನಗುವಂಥದ್ದಲ್ಲ. ಶಾಲಾ ವಾಹನಗಳಿಗೆ, ಟ್ರ್ಯಾಕ್ಟರುಗಳಿಗೆ ರೈಲು ಡಿಕ್ಕಿ ಹೊಡೆದ ಸುದ್ದಿಗಳನ್ನು ಓದಿದವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ.

2019ರ ಜನವರಿ ಅಂತ್ಯದ ಹೊತ್ತಿಗೆ ಭಾರತೀಯ ರೈಲ್ವೆ ತನ್ನ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು ತೆಗೆದುಹಾಕಿತು. ಕೆಲವೆಡೆ ಕಾವಲುಗಾರ ಬಂದ, ಕೆಲವೆಡೆ ಕೆಳಸೇತುವೆ ಬಂತು, ಕೆಲವನ್ನು ಮುಚ್ಚಲಾಯಿತು. ಚಾಲಕನ ತಿಳಿವಳಿಕೆಯೊಂದನ್ನೇ ನಂಬಿ ಕೂರುವ ಬದಲು ಅಪಾಯದ ಜಾಗವನ್ನೇ ಇಲ್ಲವಾಗಿಸಿದ ಉದಾಹರಣೆ ಇದು. ಪರೀಕ್ಷೆಯ ಮಿತಿಯನ್ನೂ ಇದು ತೋರಿಸುತ್ತದೆ.

ಸರ್ಕಲ್‌ನಲ್ಲಿ ಯಾರು ಮೊದಲು?

ನಮ್ಮ ಊರುಗಳಲ್ಲಿ ಸರ್ಕಲ್‌ಗಳಿಗೆ ಬರವಿಲ್ಲ. ಅಲ್ಲಿ ಮೊದಲು ಹೋಗುವ ಹಕ್ಕು ಯಾರದು ಎಂದು ಕೇಳಿದರೆ ‘ಯಾರು ಮೊದಲು ನುಗ್ಗುತ್ತಾರೋ ಅವರದು’ ಎಂಬ ಉತ್ತರ ಬಂದರೆ ಅಚ್ಚರಿಯಿಲ್ಲ. ಪುಸ್ತಕದ ಉತ್ತರ ಹಾಗಿಲ್ಲ. ಬಲಗಡೆಯಿಂದ ಬರುವವರಿಗೆ, ಅಂದರೆ ಆಗಲೇ ವೃತ್ತದೊಳಗೆ ಇರುವವರಿಗೆ ದಾರಿ ಬಿಡಬೇಕು.

ಇದನ್ನು ಕಂಡುಕೊಳ್ಳಲು ಜಗತ್ತಿಗೆ ಆರು ದಶಕ ಬೇಕಾಯಿತು. ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್ ಸುತ್ತ ಸುತ್ತುಸಂಚಾರ ಬಂದದ್ದು 1905ರಲ್ಲಿ. ಹೊರಗಿನಿಂದ ಬರುವವರು ಒಳಗೆ ನುಗ್ಗಿದರೆ ಒಳಗಿನವರು ಹೊರಬರಲಾರರು. ಹೀಗೆ ವೃತ್ತಗಳೇ ಸಂಚಾರದ ಗಂಟುಗಳಾಗುತ್ತಿದ್ದವು. 1966ರಲ್ಲಿ ಬ್ರಿಟನ್ ಬಲಗಡೆಯವರಿಗೆ ಆದ್ಯತೆ ಎಂಬ ನಿಯಮ ತಂದ ಮೇಲೆ ಗಂಟು ಸಡಿಲವಾಯಿತು. ಭಾರತದ 1989ರ ರಸ್ತೆ ನಿಯಮಗಳಲ್ಲೂ, ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಗಳಲ್ಲೂ ಇದೇ ತತ್ವವಿದೆ. ಉರು ಹೊಡೆದವನಿಗೆ ಇದು ‘ಬಲ’ ಎಂಬ ಒಂದು ಪದ. ಕಾರಣ ತಿಳಿದವನಿಗೆ ಇಡೀ ಸರ್ಕಲ್ ಏಕೆ ಕಟ್ಟಿಕೊಳ್ಳುತ್ತದೆಂದು ಗೊತ್ತಾಗುತ್ತದೆ.

ಪಾದಚಾರಿಯ ಪ್ರಶ್ನೆಯೂ ಇಂಥದೇ. ಬಿಳಿ ಪಟ್ಟೆಯ ಬಳಿ ಜನ ದಾಟಲು ಕಾಯುತ್ತಿದ್ದರೆ ಚಾಲಕ ನಿಲ್ಲಿಸಿ ಅವರು ದಾಟುವವರೆಗೆ ಕಾಯಬೇಕು. ಬೆಲಿಷಾ ಕಾಲದ ಕಂಬಗಳು ಚಾಲಕರ ಕಣ್ಣಿಗೆ ಸಾಲದೆಂದು ತಿಳಿದ ಮೇಲೆ ರಸ್ತೆಯ ಮೇಲೆಯೇ ಪಟ್ಟೆ ಬಳಿಯುವ ಪ್ರಯೋಗ 1949ರಲ್ಲಿ ನಡೆದು, 1951ರಲ್ಲಿ ಜೀಬ್ರಾ ಕ್ರಾಸಿಂಗ್ ಬ್ರಿಟನ್ನಿನ ಕಾನೂನಿಗೆ ಸೇರಿತು. ನಮ್ಮಲ್ಲಿ ಈ ಪ್ರಶ್ನೆಗೆ ತಪ್ಪು ಉತ್ತರ ಬರೆಯುವವರು ಕಡಿಮೆ. ಪರೀಕ್ಷೆ ಮುಗಿಸಿ ಹೊರಬಂದು ಅದೇ ರಸ್ತೆಯ ಪಟ್ಟೆಯ ಮೇಲೆ ನಿಲ್ಲಿಸುವವರು ಅದಕ್ಕಿಂತಲೂ ಕಡಿಮೆ.

ಅಪಘಾತವಾದಾಗ

ಪಠ್ಯಕ್ರಮದ ಎರಡನೇ ಅಂಶ ಅತಿ ಗಂಭೀರವಾದದ್ದು. ವ್ಯಕ್ತಿಗೆ ಗಾಯವಾದರೆ ಚಾಲಕ ಅವನಿಗೆ ವೈದ್ಯಕೀಯ ನೆರವು ಸಿಗುವಂತೆ ಮಾಡಬೇಕೆಂದು ಕಾಯ್ದೆಯ 134ನೇ ಕಲಮು ಹೇಳುತ್ತದೆ. ಪೊಲೀಸರಿಗೆ ಆದಷ್ಟು ಬೇಗ, ಹೇಗೂ 24 ಗಂಟೆಯೊಳಗೆ ತಿಳಿಸಬೇಕು. ಗುಂಪಿನ ಆಕ್ರೋಶದಿಂದ ನಿಲ್ಲಲಾಗದಿದ್ದರೆ ವಿನಾಯಿತಿ ಎಂದು ಆ ಕಲಮು ಒಪ್ಪಿಕೊಳ್ಳುತ್ತದೆ. ನಮ್ಮ ರಸ್ತೆಯ ವಾಸ್ತವವನ್ನು ಕಾನೂನು ಬರೆದವರು ಬಲ್ಲವರಾಗಿದ್ದರು.

ಆದರೆ ದಾರಿಹೋಕರ ಗತಿ? ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಠಾಣೆ, ಕೋರ್ಟು ಅಲೆಯಬೇಕಾದೀತೆಂಬ ಭಯ ಎಷ್ಟೋ ಜೀವಗಳನ್ನು ರಸ್ತೆಯಲ್ಲೇ ಬಿಟ್ಟಿತು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವು ನೀಡುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ಕರ್ನಾಟಕ ಈ ಬಗ್ಗೆ ತನ್ನದೇ ಮಸೂದೆ ರೂಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 2019ರ ತಿದ್ದುಪಡಿಯಲ್ಲಿ 134ಎ ಕಲಮಿನ ಮೂಲಕ ಇಡೀ ದೇಶಕ್ಕೆ ಈ ರಕ್ಷಣೆ ಬಂತು. ಪುಸ್ತಕ ಓದುವವರು ಈ ಒಂದು ಸಂಗತಿಯನ್ನು ಮನೆಯವರಿಗೂ ಓದಿ ಹೇಳಿದರೆ ಒಳ್ಳೆಯದು.

ಕೊನೆಯ ಅಂಶವಾದ ದಾಖಲೆಗಳ ಪ್ರಶ್ನೆಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಲೈಸೆನ್ಸ್, ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆ ಪತ್ರ ಎಂಬ ಪಟ್ಟಿ ಹಳೆಯದು. 2018ರ ತಿದ್ದುಪಡಿಯ ನಂತರ ಅವನ್ನು ಮೊಬೈಲ್‌ನಲ್ಲೂ ತೋರಿಸಬಹುದು.

ಗಿಣಿಪಾಠದ ಸಮಸ್ಯೆ

ಬ್ರಿಟನ್ನಿನಲ್ಲಿ 1935ರಿಂದ ಆರು ದಶಕ ಕಾಲ ಈ ಜ್ಞಾನ ಪರೀಕ್ಷೆ ಬಾಯಿಮಾತಿನಲ್ಲೇ ನಡೆಯಿತು. ವಾಹನ ಓಡಿಸಿ ತೋರಿಸಿದ ಮೇಲೆ ಪರೀಕ್ಷಕ ಹೈವೇ ಕೋಡ್‌ನಿಂದ ಕೆಲವು ಪ್ರಶ್ನೆ ಕೇಳುತ್ತಿದ್ದ. 1996ರ ಜುಲೈ 1ರಿಂದ ಪ್ರತ್ಯೇಕ ಲಿಖಿತ ಪರೀಕ್ಷೆ ಬಂತು. 35 ಪ್ರಶ್ನೆಗಳಲ್ಲಿ 26 ಸರಿಯಾದರೆ ತೇರ್ಗಡೆ. ಅದೇ ಅಕ್ಟೋಬರ್‌ನಲ್ಲಿ ಅದನ್ನು 30ಕ್ಕೆ ಏರಿಸಲಾಯಿತು. 2000ದಲ್ಲಿ ಪರೀಕ್ಷೆ ಕಂಪ್ಯೂಟರ್ ಪರದೆಗೆ ಹೋಯಿತು. 2007ರಿಂದ 50 ಪ್ರಶ್ನೆ, 43 ಸರಿಯಿರಬೇಕು.

ಆಗ ಅವರಿಗೂ ನಮ್ಮ ಆರ್‌ಟಿಓ ಬಾಗಿಲಿನ ಸಮಸ್ಯೆಯೇ ಎದುರಾಯಿತು. ಪ್ರಶ್ನೆಗಳೆಲ್ಲ ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುತ್ತಿದ್ದವು. ಜನ ನಿಯಮ ಕಲಿಯುವ ಬದಲು ಉತ್ತರ ಕಲಿತರು. ಇದಕ್ಕೆ ಅಲ್ಲಿ ಎರಡು ಮದ್ದು ಹುಡುಕಿದರು. 2002ರಲ್ಲಿ ಅಪಾಯ ಗುರುತಿಸುವ ಪರೀಕ್ಷೆ ಸೇರಿಸಿದರು. ರಸ್ತೆಯ ಚಲನಚಿತ್ರ ಓಡುತ್ತಿರುವಾಗ ಮಗು ಅಡ್ಡ ಬರುವ, ನಿಂತ ಕಾರು ಹೊರಡುವ ಸೂಚನೆ ಕಂಡ ಕೂಡಲೇ ಗುಂಡಿ ಒತ್ತಬೇಕು. ಬೇಗ ಕಂಡಷ್ಟೂ ಹೆಚ್ಚು ಅಂಕ. ಎರಡನೆಯದಾಗಿ, 2012ರಿಂದ ನಿಜವಾದ ಪ್ರಶ್ನೆಗಳನ್ನು ಪ್ರಕಟಿಸುವುದನ್ನೇ ನಿಲ್ಲಿಸಿದರು.

ಅಲ್ಲಿ ತೇರ್ಗಡೆಗೆ ಶೇ 86, ಇಲ್ಲಿ ಶೇ 60. ಪ್ರಶ್ನೆಗಳ ಮಟ್ಟ ಬೇರೆ ಎಂಬುದು ನಿಜ. ಆದರೂ ಹತ್ತು ನಿಯಮಗಳಲ್ಲಿ ನಾಲ್ಕು ಗೊತ್ತಿಲ್ಲದವರು ರಸ್ತೆಗೆ ಇಳಿಯಬಹುದು ಎಂಬ ಲೆಕ್ಕ ಯೋಚನೆಗೆ ಹಚ್ಚುವಂಥದ್ದು. ಯಾವ ನಾಲ್ಕು ಎಂದು ಯಾರೂ ಕೇಳುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಆಧಾರ್ ಆಧಾರಿತ ಸೇವೆಗಳ ಪಟ್ಟಿಗೆ ಕಲಿಕಾ ಲೈಸೆನ್ಸನ್ನೂ ಸೇರಿಸಿದ ಮೇಲೆ ಕಚೇರಿಗೆ ಅಲೆಯದೆ ಮನೆಯಿಂದಲೇ ಇದನ್ನು ಪಡೆಯುವ ದಾರಿ ತೆರೆಯಿತು. ಸರತಿಯ ಕಷ್ಟ ತಪ್ಪಿತು, ಒಳ್ಳೆಯದೇ. ಆದರೆ ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುವ ಅಣ್ಣ ಮುಂದೆ ರಸ್ತೆಯಲ್ಲಿ ಪಕ್ಕದಲ್ಲಿರುವುದಿಲ್ಲ.

ಓದು ಬಾರದವರ ಪ್ರಶ್ನೆ

ಇನ್ನೊಂದು ಕಗ್ಗಂಟೂ ಇದೆ. ಸಾಮಾನ್ಯ ಲೈಸೆನ್ಸ್‌ಗೆ ಕಾಯ್ದೆ ವಿದ್ಯಾರ್ಹತೆ ಕೇಳುವುದಿಲ್ಲ. ಆದರೆ ಸಾರಿಗೆ ವಾಹನ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವಿತ್ತು. 2019ರಲ್ಲಿ ಇದೇ ವಿಷಯದಲ್ಲಿ ಎರಡು ವಿರುದ್ಧ ದನಿಗಳು ಕೇಳಿದವು. ಓದು ಬರೆಹ ಬಾರದವರು ಫಲಕಗಳನ್ನು ಓದಲಾರರು, ಅವರಿಗೆ ಲೈಸೆನ್ಸ್ ಕೊಡುವುದು ಪಾದಚಾರಿಗಳಿಗೆ ಅಪಾಯ ಎಂದು ರಾಜಸ್ಥಾನ ಹೈಕೋರ್ಟ್ ಅಭಿಪ್ರಾಯಪಟ್ಟಿತು. ಅತ್ತ ಹರಿಯಾಣದ ಮೇವಾತ್ ಭಾಗದಲ್ಲಿ ಕೈಯಲ್ಲಿ ಕಸುಬಿದ್ದೂ ಶಾಲೆಯ ಮುಖ ಕಾಣದವರು ಬಹಳ ಮಂದಿ ಇದ್ದಾರೆಂಬ ಅಲ್ಲಿನ ಸರ್ಕಾರದ ಮನವಿಯ ನಂತರ ಕೇಂದ್ರ ಸರ್ಕಾರ ಎಂಟನೇ ತರಗತಿಯ ಷರತ್ತನ್ನು ಕೈಬಿಟ್ಟಿತು. ತರಬೇತಿಗೆ ಒತ್ತು ಕೊಡಬೇಕು ಎಂಬುದು ಅದರ ನಿಲುವು.

ಎರಡರಲ್ಲೂ ಸತ್ಯವಿದೆ. ‘ಮುಂದೆ ಸೇತುವೆ ಕುಸಿದಿದೆ’ ಎಂಬ ಬೋರ್ಡು ಅಕ್ಷರದಲ್ಲೇ ಇರುತ್ತದೆ. ಆದರೆ ಓದು ಬಲ್ಲವರೇ ಒಮ್ಮುಖ ರಸ್ತೆಯಲ್ಲಿ ಎದುರು ಬರುವುದನ್ನು ದಿನವೂ ಕಾಣುತ್ತೇವೆ. ಬ್ರಿಟನ್ನಿನಲ್ಲಿ ಈ ಪರೀಕ್ಷೆಯನ್ನು ಹಿಂದಿ, ತಮಿಳು, ಗುಜರಾತಿ, ಪಂಜಾಬಿ ಸೇರಿದಂತೆ 19 ಪರಭಾಷೆಗಳ ಧ್ವನಿಯಲ್ಲಿ ಕೇಳಿ ಉತ್ತರಿಸುವ ಅನುಕೂಲವಿತ್ತು. 2014ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಕರ್ನಾಟಕದಲ್ಲಿ ಕನ್ನಡದಲ್ಲೇ ಪರೀಕ್ಷೆ ಕೊಡಬಹುದು. ತಿಳಿವಳಿಕೆಯನ್ನು ಅಳೆಯಬೇಕಾದಲ್ಲಿ ಭಾಷೆ ಗೋಡೆಯಾಗಬಾರದು ಎಂಬುದಕ್ಕೆ ಇದು ಸಣ್ಣ ಆಸರೆಯಲ್ಲ.

ಹೇಗೆ ಓದಬೇಕು?

ಹಾಗಾದರೆ ಪರೀಕ್ಷೆಗೆ ಸಿದ್ಧತೆ ಹೇಗೆ? ಹಳೆಯ ಮೇಷ್ಟ್ರುಗಳು ಹೇಳುತ್ತಿದ್ದ ಉಪಾಯವೇ ಸಾಕು. ಉತ್ತರವನ್ನು ಕೈಯಿಂದ ಮುಚ್ಚಿ ‘ಏಕೆ’ ಎಂದು ಕೇಳಿಕೊಳ್ಳಬೇಕು. ಮುಂದಿನ ವಾಹನದಿಂದ ಸಾಕಷ್ಟು ಅಂತರವಿರಬೇಕು ಎಂಬುದನ್ನೇ ನೋಡಿ. ಬ್ರಿಟನ್ನಿನ ಹೈವೇ ಕೋಡ್ ಲೆಕ್ಕದಂತೆ ಗಂಟೆಗೆ 48 ಕಿ.ಮೀ. ವೇಗದ ಕಾರು ನಿಲ್ಲಲು 23 ಮೀಟರ್ ಬೇಕು. ಅದರಲ್ಲಿ 9 ಮೀಟರ್ ಕಳೆಯುವುದು ಚಾಲಕನ ಕಾಲು ಬ್ರೇಕಿಗೆ ಹೋಗುವುದರೊಳಗೆ. ವೇಗ ಇಮ್ಮಡಿಯಾಗಿ 96 ಕಿ.ಮೀ. ಆದರೆ ಬೇಕಾಗುವುದು 46 ಅಲ್ಲ, 73 ಮೀಟರ್. ಇದನ್ನು ಒಮ್ಮೆ ರಸ್ತೆಯ ಮೇಲೆ ಹೆಜ್ಜೆ ಹಾಕಿ ಅಳೆದು ನೋಡಿದವರಿಗೆ ಮತ್ತೆ ಉರು ಹೊಡೆಯಬೇಕಾಗಿಲ್ಲ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ದಿನಕ್ಕೆ ಸರಾಸರಿ 460ಕ್ಕೂ ಹೆಚ್ಚು. ದಿನಕ್ಕೆ ಇಪ್ಪತ್ತು ಸಾವು ಕಂಡ ಬ್ರಿಟನ್ ಪರೀಕ್ಷೆಯನ್ನು ಕಡ್ಡಾಯ ಮಾಡಿತ್ತು. ಕೆಟ್ಟ ರಸ್ತೆ, ಹಳೆಯ ವಾಹನ, ಹೆಲ್ಮೆಟ್ ಇಲ್ಲದ ತಲೆ, ಕಾರಣಗಳು ಅನೇಕ. ಎಲ್ಲವನ್ನೂ ಒಂದು ಪ್ರಶ್ನೆಪತ್ರಿಕೆ ಸರಿಪಡಿಸಲಾರದು. ಆದರೆ ಪ್ರತಿಯೊಬ್ಬ ಚಾಲಕನನ್ನೂ ಸರ್ಕಾರ ಕೂರಿಸಿ ನಿಯಮಗಳನ್ನು ಕೇಳುವುದು ಸಾಮಾನ್ಯವಾಗಿ ಜೀವಮಾನದಲ್ಲಿ ಇದೊಂದೇ ಸಲ.

ಮುಂದಿನ ವಾರ ಆ ಹುಡುಗನ ಸ್ಕೂಟರಿಗೆ ಕೆಂಪು ‘ಎಲ್’ ಅಂಟಿರುತ್ತದೆ. ಬಡಾವಣೆಯ ಶಾಲೆಯ ಮುಂದೆ ಬಿಳಿ ಪಟ್ಟೆಯ ಅಂಚಿನಲ್ಲಿ ಅಜ್ಜಿಯೊಬ್ಬಳು ಮೊಮ್ಮಗುವಿನ ಕೈ ಹಿಡಿದು ನಿಂತಿರುತ್ತಾಳೆ. ಪುಸ್ತಕದ ಆ ಪ್ರಶ್ನೆ ಅವನಿಗೆ ಆಗ ನೆನಪಾದರೆ, ಅವನು ಪರೀಕ್ಷೆಯಲ್ಲಿ ನಿಜವಾಗಿ ಪಾಸಾದನೆಂದು ಹೇಳಬಹುದು.